ಹುಬ್ಬಳ್ಳಿ–ಬೆಳಗಾವಿ ವ್ಯೋಮಾಂತರ ಮೀಮಾಂಸೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೂ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೂ ನಡುವಣ ದೂರವೆಷ್ಟು, ಅದನ್ನು ದಾಟಲು ಹಿಡಿಯುವ ಕಾಲವೆಷ್ಟು ಎಂಬುದು ಈ ಗ್ರಂಥದ ವಿಷಯ. ಪ್ರಯೋಜನವೇನೆಂದು ಕೇಳುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ.

ಪೂರ್ವಪಕ್ಷಿಗಳು ಭೂಗೋಳದವರು. ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗುಂಡೆಂದು ಒಪ್ಪಿ, ಅಕ್ಷಾಂಶ ರೇಖಾಂಶಗಳನ್ನು ಸೂತ್ರಕ್ಕೆ ಹಾಕಿ, ಸುಮಾರು 75 ಕಿ.ಮೀ. ಎಂದು ಹೇಳಿ ಸುಮ್ಮನಾಗುತ್ತಾರೆ. ವೈಮಾನಿಕ ಪಂಥದವರ ಲೆಕ್ಕದಲ್ಲಿ ಇದೇ 40 ನಾಟಿಕಲ್ ಮೈಲಿ. ಗೆರೆ ಎಳೆದರೆ ಅದು ಧಾರವಾಡದ ನೆತ್ತಿಯ ಮೇಲೆ ಹಾದು, ಕಿತ್ತೂರಿನ ಆಸುಪಾಸಿನಲ್ಲಿ ಅರ್ಧವಾಗುತ್ತದೆ. ಎಟಿಆರ್ ವಿಮಾನ ತಾಸಿಗೆ ಸುಮಾರು 500 ಕಿ.ಮೀ. ಹಾರುತ್ತದೆ; ಆದಕಾರಣ ಒಂಬತ್ತು ನಿಮಿಷ ಸಾಕು. ಇಷ್ಟೇ ಅವರ ವಾದ.

ಖಂಡನೆ ಸುಲಭ. ಎರಡೂ ಕಡೆ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಬೆಳಗಾವಿ ಇರುವುದು ವಾಯವ್ಯಕ್ಕೆ. ವಿಮಾನ ಏಳುವುದೋ ಗಾಳಿಗೆ ಎದುರಾಗಿ. ಮೂಡಗಾಳಿಯ ದಿನ ಅದು ಗದಗಿನ ಕಡೆ ಮುಖ ಮಾಡಿ ಏಳಬೇಕು. ಅಂದರೆ ಪ್ರಯಾಣ ಶುರುವಾದೊಡನೆ ಬೆಳಗಾವಿ ದೂರವಾಗತೊಡಗುತ್ತದೆ. ಸಾಲದ್ದಕ್ಕೆ ಸಾಂಬ್ರಾ ನಿಲ್ದಾಣ ಹುಬ್ಬಳ್ಳಿಯದಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಆಕಾಶಮಾರ್ಗವೇ ಆದರೂ ಏರುದಾರಿ! ಹೋಗುವ ಟಿಕೆಟ್ಟಿಗೂ ಬರುವ ಟಿಕೆಟ್ಟಿಗೂ ದರ ಬೇರೆಯಾಗುವುದು ಇದರಿಂದಲೇ ಎಂಬ ಮತವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಅದಕ್ಕೆ ಎರಡನೆಯ ಸಂಪುಟವೇ ಬೇಕಾದೀತು.

ಇನ್ನು ಸಿದ್ಧಾಂತ. ವಿಮಾನಶಾಸ್ತ್ರದಲ್ಲಿ ಎರಡು ಊರುಗಳನ್ನು ಕೂಡಿಸುವುದು ಸರಳರೇಖೆಯಲ್ಲ, ಬೆಂಗಳೂರು. ಹುಬ್ಬಳ್ಳಿಯಿಂದ ಅಲ್ಲಿಗೆ ಸುಮಾರು 370 ಕಿ.ಮೀ., ಅಲ್ಲಿಂದ ಸಾಂಬ್ರಾಕ್ಕೆ ಸುಮಾರು 445, ಕೂಡಿದರೆ 815. ಕೌಂಟರ್ ಮುಚ್ಚುವುದರೊಳಗೆ ಮುಟ್ಟಿ ಕಾಯಲು ಒಂದೂವರೆ ತಾಸು, ಎರಡು ಹಾರಾಟಗಳಿಗೆ ಎರಡೂವರೆ, ದೇವನಹಳ್ಳಿಯಲ್ಲಿ ಮೂರು ತಾಸು ಕೂತರೆಂದು ಇಟ್ಟುಕೊಂಡರೆ ಒಟ್ಟು ಏಳು. 75ನ್ನು ಏಳರಿಂದ ಭಾಗಿಸಿದಾಗ ಬರುವ ವೇಗ ತಾಸಿಗೆ 11 ಕಿ.ಮೀ.ಗಿಂತ ಕಡಿಮೆ. ಸೈಕಲ್ಲಿನವನೂ ಇದನ್ನು ಸಾಧಿಸಿಯಾನು, ಆದರೆ ಅವನ ಬಳಿ ಬೋರ್ಡಿಂಗ್ ಪಾಸ್ ಇರುವುದಿಲ್ಲ.

370 ಕಿ.ಮೀ. ದೂರದ ಬೆಂಗಳೂರಿಗೆ ಹಾರಲು ತಾಸಿನ ಮೇಲೆ ಚೂರು, 75 ಕಿ.ಮೀ. ದೂರದ ಬೆಳಗಾವಿಗೆ ಏಳು ತಾಸು. ದೂರ ಇಳಿದಂತೆ ಕಾಲ ಏರುತ್ತದೆಂಬ ಉಪಪ್ರಮೇಯ ಇಲ್ಲಿ ಹುಟ್ಟುತ್ತದೆ. ಈ ಪ್ರಕಾರ ಸೊನ್ನೆ ದೂರಕ್ಕೆ, ಅಂದರೆ ಹುಬ್ಬಳ್ಳಿಯಿಂದ ಹುಬ್ಬಳ್ಳಿಗೆ, ಅನಂತ ಕಾಲ ಬೇಕು. ಮಂಜು ಮುಸುಕಿ ವಿಮಾನ ಏಳದ ಬೆಳಗಿನಲ್ಲಿ ಗೇಟಿನ ಮುಂದೆ ಕುಳಿತವರು ಇದಕ್ಕೆ ಪ್ರತ್ಯಕ್ಷ ಪ್ರಮಾಣ.

ಒಂದು ಆಕ್ಷೇಪ ಉಳಿದಿದೆ. ಬೆಳಗಾವಿ ಬಸ್ಸಿನ ಕಂಡಕ್ಟರ್ ಒಬ್ಬರು ನಮ್ಮ ಸಿದ್ಧಾಂತವನ್ನೆಲ್ಲ ಕೇಳಿ, “ಹೈವೇದಾಗ ನೂರ್ ಕಿಲೋಮೀಟರ್ ಐತ್ರಿ, ಎರಡ್ ಎರಡೂವರಿ ತಾಸಿನ್ಯಾಗ ಮುಟ್ಟಸ್ತೀವಿ” ಎಂದರು. ಸೂತ್ರವಿಲ್ಲ, ತ್ರಿಜ್ಯವಿಲ್ಲ, ಗಾಳಿಯ ದಿಕ್ಕಿನ ವಿಚಾರವಂತೂ ಇಲ್ಲವೇ ಇಲ್ಲ. ಇಂಥ ವಾದಕ್ಕೆ ವಿದ್ವತ್ಸಭೆಯಲ್ಲಿ ಏನು ಬೆಲೆ? ನಾವು ಉತ್ತರಪಕ್ಷವನ್ನು ಮಂಡಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು, “ಚಿಲ್ಲರ ಕೊಡ್ರಿ ಸರ, ಹಿಂದ ಸರೀರಿ” ಎಂದು ಮುಂದಿನ ಸೀಟಿನವರ ಕಡೆ ತಿರುಗಿದರು.