ಹಾಸಿಗೆಯ ಕೆಳಗಿನ ಇಂಜಿನ್

ಫೋಕ್ಸ್‌ವ್ಯಾಗನ್ ಕಂಪನಿಯ ಮೂರನೆಯ ತಲೆಮಾರಿನ ಟ್ರಾನ್ಸ್‌ಪೋರ್ಟರ್ ವ್ಯಾನಿನಲ್ಲಿ ಇಂಜಿನ್ ಇರುವುದು ಹಿಂಭಾಗದಲ್ಲಿ. ಅದರ ಮೇಲೊಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಮಾಲೀಕ. 1979ರಿಂದ ಜರ್ಮನಿಯ ಹ್ಯಾನೋವರ್‌ನಲ್ಲಿ ತಯಾರಾದ ಈ ವ್ಯಾನಿಗೆ ಯುರೋಪಿನಲ್ಲಿ ಟಿ3 ಎಂದೂ ಅಮೆರಿಕದಲ್ಲಿ ವ್ಯಾನಗನ್ ಎಂದೂ ಹೆಸರು. ರೇಡಾ-ವೀಡೆನ್‌ಬ್ರುಕ್ ಊರಿನ ವೆಸ್ಟ್‌ಫಾಲಿಯಾ ಕಾರ್ಖಾನೆ ಇದರೊಳಗೆ ಎರಡು ಒಲೆ, ಒಂದು ಸಿಂಕು, ಗ್ಯಾಸು, ಬ್ಯಾಟರಿ, ಕರೆಂಟು ಮೂರರಲ್ಲೂ ನಡೆಯುವ ಫ್ರಿಜ್ಜು, ಕಪಾಟುಗಳು ಮತ್ತು ಎತ್ತಿದರೆ ಅಟ್ಟವಾಗುವ ಚಾವಣಿಯನ್ನು ಕೂಡಿಸಿ ಸಂಸಾರಕ್ಕೆ ಅಣಿ ಮಾಡುತ್ತಿತ್ತು. ಆ ಸಂಸಾರವನ್ನು ಎಳೆಯಬೇಕಾದ ಇಂಜಿನ್ನಿಗೆ ಮಾತ್ರ ಯಾರೂ ಅಷ್ಟು ಮುತುವರ್ಜಿ ತೋರಿದಂತಿಲ್ಲ.

ಈ ವ್ಯಾನಿಗೆ ಡೀಸೆಲ್ ಬಂದದ್ದು 1981ರಲ್ಲಿ. ಗಾಲ್ಫ್ ಕಾರಿನಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತು ದುಡಿಯುತ್ತಿದ್ದ 1,588 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ನನ್ನೇ ಎಡಕ್ಕೆ 50 ಡಿಗ್ರಿ ವಾಲಿಸಿ ಹಾಸಿಗೆಯಡಿ ತೂರಿಸಲಾಯಿತು. ಅದರ ಬಲ 50 ಅಶ್ವಶಕ್ತಿ. ಡಿಗ್ರಿಗೊಂದು ಕುದುರೆ ಎಂಬ ಲೆಕ್ಕ ಯಾರೂ ಬೇಕೆಂದು ಹಾಕಿದ್ದಲ್ಲವಾದರೂ ನೆನಪಿಡಲು ಅನುಕೂಲ. ಗಾಳಿಯನ್ನು 23 ಪಟ್ಟು ಹಿಂಡಿ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು ಇದರ ಕಸುಬು. ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಹಾಗಾಗಿ ಕೆಡುವುದಕ್ಕೂ ಅವಸರವಿಲ್ಲ, ಓಡುವುದಕ್ಕೂ ಅವಸರವಿಲ್ಲ. ಸಮತಟ್ಟು ರಸ್ತೆ, ಎದುರುಗಾಳಿ ಇಲ್ಲದ ದಿನ, ಅರ್ಧ ಖಾಲಿ ನೀರಿನ ಟ್ಯಾಂಕು, ಇವೆಲ್ಲ ಕೂಡಿ ಬಂದರೆ ಗಂಟೆಗೆ 110 ಕಿಲೋಮೀಟರಿನ ಆಸುಪಾಸು. ಹ್ಯಾನೋವರ್‌ನಿಂದ ದಕ್ಷಿಣಕ್ಕೆ ಇಳಿಯುವ ಏ7 ಹೆದ್ದಾರಿ ಕಾಸೆಲ್ ಊರಿನ ಬಳಿ ಗುಡ್ಡ ಹತ್ತಲು ತೊಡಗುತ್ತದೆ. ಅಲ್ಲಿ ಸಾಮಾನು ತುಂಬಿದ ಡೀಸೆಲ್ ಕ್ಯಾಂಪರ್ ಟಾಪಿನಿಂದ ಥರ್ಡಿಗೂ ಥರ್ಡಿನಿಂದ ಸೆಕೆಂಡಿಗೂ ಇಳಿದು, ಲಾರಿಗಳ ಸಾಲಿಗೆ ಮುಂದಾಳಾಗುತ್ತದೆ. ಇಟಲಿಗೆ ರಜೆಗೆಂದು ಹೊರಟವರಿಗೆ ಆಲ್ಪ್ಸ್ ಇನ್ನೂ ಮುಂದಿದೆ.

1980ರ ದಶಕದ ನಡುವಿನಲ್ಲಿ ಕಂಪನಿಯೇ ಟರ್ಬೊ ಕೂರಿಸಿ 70 ಅಶ್ವಶಕ್ತಿಯ ಡೀಸೆಲ್ ಕೊಟ್ಟಿತು. ಏರು ಹತ್ತಲು ಅದು ವಾಸಿ. ಆದರೆ ಹಿಂಬದಿಯ ಆ ಮುಚ್ಚಿದ ಗೂಡಿನಲ್ಲಿ ಗಾಳಿ ಆಡುವುದು ಕಡಿಮೆ. ಕಾವೇರಿದ ಸಿಲಿಂಡರ್ ಹೆಡ್ಡು ಬಿರುಕು ಬಿಡುವುದು ಈ ಇಂಜಿನ್ನಿನ ಪ್ರಸಿದ್ಧ ಕಾಯಿಲೆ. ಹೆಡ್ಡು ಒಮ್ಮೆ ಬಿರುಕು ಬಿಟ್ಟ ಮೇಲೆ ಮಾಲೀಕನ ಯೋಚನೆ ದುರಸ್ತಿಯಲ್ಲಿ ನಿಲ್ಲುವುದಿಲ್ಲ. ಹೇಗೂ ಇಳಿಸುತ್ತಿದ್ದೇವೆ, ಬೇರೆಯದನ್ನೇ ಹಾಕಿಬಿಟ್ಟರಾಯಿತಲ್ಲ ಎಂಬಲ್ಲಿಗೆ ಬರುತ್ತದೆ. ಮುಂದಿನ ಖರ್ಚೆಲ್ಲ ಹುಟ್ಟುವುದು 'ಹೇಗೂ' ಎಂಬ ಈ ಪದದಿಂದ.

ಹಾಕಬಹುದಾದ ಇಂಜಿನ್ನುಗಳಲ್ಲಿ ಸ್ವಂತ ಮನೆತನದವು, ಹೊರಗಿನವು ಎಂದು ಎರಡು ಪಂಗಡ. ಮನೆತನದವುಗಳಲ್ಲಿ ಸಾಧುವಾದದ್ದು ಗಾಲ್ಫ್ ಕಾರಿನ 1.9 ಲೀಟರ್ ಟರ್ಬೊ ಡೀಸೆಲ್. ಇದರ ಸಂಕೇತ ಎಎಝಡ್, ಬಲ 75 ಅಶ್ವಶಕ್ತಿ. ಹಳೆಯದರ ನೇರ ವಂಶಸ್ಥ, ಮೈಯಲ್ಲಿ ಕಂಪ್ಯೂಟರಿಲ್ಲ. ಇದರ ಮೇಲಿನದು ಟಿಡಿಐ. ಆಡಿ 100 ಕಾರಿನಲ್ಲಿ 1989ರಲ್ಲಿ ಮೊದಲು ಕಾಣಿಸಿಕೊಂಡು, ಮುಂದೆ 1,896 ಸಿಸಿಯ ನಾಲ್ಕು ಸಿಲಿಂಡರ್ ರೂಪದಲ್ಲಿ ಪಸ್ಸಾಟ್, ಗಾಲ್ಫ್‌ಗಳಿಗೆಲ್ಲ ಹರಡಿತು. ಇದರಲ್ಲಿ 90 ಅಶ್ವಶಕ್ತಿಯದು ಒಂದು, 110ರದು ಇನ್ನೊಂದು. ಬಲಕ್ಕಿಂತ ದೊಡ್ಡ ಆಕರ್ಷಣೆ ಇದರ ಎಳೆತ. ಹಳೆಯ ಡೀಸೆಲ್ಲಿನ ಟಾರ್ಕ್ 103 ನ್ಯೂಟನ್ ಮೀಟರ್ ಇದ್ದರೆ 90 ಅಶ್ವಶಕ್ತಿಯ ಟಿಡಿಐದು 202, ಅದೂ ಬರೀ 1,900 ಸುತ್ತುಗಳಲ್ಲಿ. ಗುಡ್ಡದ ಬುಡದಲ್ಲಿ ಗೇರ್ ಕಡ್ಡಿಯ ಮೇಲಿಟ್ಟ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಳ್ಳಬಹುದು ಎಂಬುದು ಇದರ ಅರ್ಥ.

ಹೊರಗಿನವುಗಳಲ್ಲಿ ಸುಬಾರು ಕಂಪನಿಯ ಪೆಟ್ರೋಲ್ ಇಂಜಿನ್ನಿಗೆ ಅಮೆರಿಕದಲ್ಲಿ ದೊಡ್ಡ ಭಕ್ತವೃಂದವಿದೆ. ಡೀಸೆಲ್ಲಿನವರಿಗೂ ಸುಬಾರುವಿನವರಿಗೂ ಮಾತುಕತೆ ಇದೆ, ಒಮ್ಮತವಿಲ್ಲ. ದಕ್ಷಿಣ ಆಫ್ರಿಕದಲ್ಲಿ ಈ ವ್ಯಾನು 2002ರವರೆಗೂ ತಯಾರಾಯಿತು. ಅಲ್ಲಿ ಕಾರ್ಖಾನೆಯೇ ಆಡಿಯ ಐದು ಸಿಲಿಂಡರ್ ಪೆಟ್ರೋಲ್ ಇಂಜಿನ್ ಕೂರಿಸಿ ಮಾರಿತು. ಪೋರ್ಶೆಯವರು ತಮ್ಮ ಕರೇರಾ ಕಾರಿನ 231 ಅಶ್ವಶಕ್ತಿಯ ಇಂಜಿನ್ ಇಟ್ಟು ಬೆರಳೆಣಿಕೆಯಷ್ಟು ಟಿ3ಗಳನ್ನು ಮಾಡಿದ್ದೂ ಉಂಟು. ಅದು ಅವರವರ ಅನುಕೂಲದ ಮಾತು. ಸಾಮಾನ್ಯ ಮಾಲೀಕ ಗುಜರಿಗೆ ಹೋಗಿ, ಹಿಂದಿನಿಂದ ಗುದ್ದಿಸಿಕೊಂಡ ಪಸ್ಸಾಟೊಂದರ ಟಿಡಿಐಯನ್ನು ಅಗ್ಗಕ್ಕೆ ತರುತ್ತಾನೆ. ಇಡೀ ವ್ಯವಹಾರದಲ್ಲಿ ಅಗ್ಗಕ್ಕೆ ಸಿಗುವುದು ಅದೊಂದೇ.

ಮೊದಲ ತೊಡಕು ವಾಲುವುದರದು. ಪಸ್ಸಾಟಿನಲ್ಲಿ ಈ ಇಂಜಿನ್ ವಾಲಿರುವುದು ಬರೀ 15 ಡಿಗ್ರಿ. ಅದನ್ನು ಹಾಗೆಯೇ ತಂದು 50 ಡಿಗ್ರಿಗೆ ಮಲಗಿಸಿದರೆ, ಕೆಳಗಿನ ಸಂಪಿನಲ್ಲಿರುವ ಆಯಿಲ್ಲೆಲ್ಲ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ. ಆಯಿಲ್ ಹೀರಬೇಕಾದ ಕೊಳವೆ ಇನ್ನೊಂದು ಮೂಲೆಯಲ್ಲಿ ಗಾಳಿ ಹೀರುತ್ತದೆ. ಆದ್ದರಿಂದ ಹಳೆಯ ಟಿ3 ಡೀಸೆಲ್ಲಿನ ಓರೆ ಸಂಪು, ಅದರ ಹೀರುಕೊಳವೆ, ಅದರ ಡಿಪ್‌ಸ್ಟಿಕ್ಕು, ಇಂಜಿನ್ನನ್ನು ಹೊರುವ ಅಡ್ಡಪಟ್ಟಿ, ಎರಡೂ ಬದಿಯ ಬ್ರಾಕೆಟ್ಟುಗಳು ಎಲ್ಲವೂ ಬೇಕು. ಇವನ್ನು ಕಾರ್ಖಾನೆ ಮಾಡುವುದು ನಿಲ್ಲಿಸಿ ಬಹಳ ಕಾಲವಾಯಿತು; ಇದ್ದವರು ಬಿಡುವುದಿಲ್ಲ. ಕಡೆಗೆ ಸಂಪಿನ ಬೆಲೆ ಇಂಜಿನ್ನಿನ ಬೆಲೆಗೆ ಸಮನಾಗಿ ಮೂಗಿಗಿಂತ ಮೂಗುತಿ ಭಾರವಾಗುವುದೂ ಉಂಟು. ಟರ್ಬೊದ್ದು ಇನ್ನೊಂದು ತಕರಾರು. ಟರ್ಬೊದಿಂದ ಆಯಿಲ್ ಸಂಪಿಗೆ ಇಳಿಯುವುದು ತನ್ನ ಭಾರಕ್ಕೆ ತಾನೇ. ತಳ್ಳುವವರು ಯಾರೂ ಇಲ್ಲ. ಇಂಜಿನ್ ವಾಲಿಸಿದಾಗ ಟರ್ಬೊ ಸಂಪಿನ ಮಟ್ಟಕ್ಕೆ ಇಳಿದುಬಿಟ್ಟರೆ ಆಯಿಲ್ ಅಲ್ಲೇ ನಿಂತು, ಸೀಲು ದಾಟಿ, ಹಿಂದೆ ಬರುವ ವಾಹನಗಳಿಗೆ ನೀಲಿ ಹೊಗೆಯಾಗಿ ತಲುಪುತ್ತದೆ. ಅದಕ್ಕೂ ಹಳೆಯ ಟಿ3 ಟರ್ಬೊ ಡೀಸೆಲ್ಲಿನ ಮ್ಯಾನಿಫೋಲ್ಡೇ ಗತಿ.

ಇಷ್ಟು ಗೋಜು ಬೇಡವೆನ್ನುವವರಿಗೆ ಬೇರೆ ದಾರಿ ಇದೆ. ಇಂಜಿನ್ನನ್ನು 15 ಡಿಗ್ರಿಯಲ್ಲೇ ಬಿಟ್ಟು, ಅದಕ್ಕೆ ಬೇಕಾದಷ್ಟು ಮುಚ್ಚಳವನ್ನು ಎತ್ತರಿಸುವುದು. ಆಗ ಇಂಜಿನ್ ಆರಾಮವಾಗಿ ನಿಲ್ಲುತ್ತದೆ, ಹಾಸಿಗೆಯಲ್ಲಿ ದಿಬ್ಬವೊಂದು ಏಳುತ್ತದೆ. ಇಂಜಿನ್ ಮಲಗಬೇಕೋ ಮನುಷ್ಯರು ಮಲಗಬೇಕೋ ಎಂಬುದನ್ನು ಪ್ರತಿಯೊಂದು ಕುಟುಂಬವೂ ಒಳಗೊಳಗೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ತೀರ್ಮಾನದ ದಿನ ಮನೆಯ ಉಳಿದ ಸದಸ್ಯರೂ ಹಾಜರಿರುವುದು ಕ್ಷೇಮ.

ಪೆಟ್ರೋಲ್ ಟಿ3ಗೆ ಡೀಸೆಲ್ ಹಾಕಹೊರಟವರ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ಅದರ ಅಡ್ಡ ಸಿಲಿಂಡರುಗಳ ಇಂಜಿನ್ನಿಗೂ ಡೀಸೆಲ್ಲಿನ ಸಾಲು ಸಿಲಿಂಡರುಗಳ ಇಂಜಿನ್ನಿಗೂ ಬೆಲ್ ಹೌಸಿಂಗಿನ ಬೋಲ್ಟ್ ತೂತುಗಳು ಹೊಂದುವುದಿಲ್ಲ. ಆಗ ಅಡಾಪ್ಟರ್ ತಟ್ಟೆ ಮಾಡಿಸಬೇಕು, ಇಲ್ಲವೇ ಡೀಸೆಲ್ ವ್ಯಾನಿನ ಹೌಸಿಂಗ್, ಫ್ಲೈವೀಲ್, ಕ್ಲಚ್ ಹುಡುಕಬೇಕು.

ಎರಡನೆಯ ದೊಡ್ಡ ತೊಡಕು ವೈರಿಂಗು. ಹಳೆಯ ಡೀಸೆಲ್ಲಿಗೆ ಬೇಕಾದ ಕರೆಂಟು ಇಷ್ಟೇ: ಸ್ಟಾರ್ಟರಿಗೊಂದು, ಗ್ಲೋ ಪ್ಲಗ್ಗಿಗೊಂದು, ಎಣ್ಣೆ ಬಿಡುವ ಸೊಲಿನಾಯ್ಡಿಗೊಂದು ತಂತಿ. ಆ ಕಡೆಯ ತಂತಿ ಕಿತ್ತರೆ ಇಂಜಿನ್ ನಿಲ್ಲುತ್ತದೆ, ಸಿಕ್ಕಿಸಿದರೆ ಓಡುತ್ತದೆ. ಟಿಡಿಐಗೆ ಕಂಪ್ಯೂಟರುಂಟು. ಅದು ಗಾಳಿ ಎಷ್ಟು ಬಂತು, ನೀರು ಎಷ್ಟು ಕಾದಿದೆ, ಕ್ಲಚ್ ಒತ್ತಿದರೋ ಇಲ್ಲವೋ, ಬ್ರೇಕ್ ದೀಪ ಹತ್ತಿತೋ ಇಲ್ಲವೋ ಎಂದು ಒಂದೇ ಸಮನೆ ವಿಚಾರಿಸುತ್ತಿರುತ್ತದೆ. ಉತ್ತರ ಸರಿಬಾರದಿದ್ದರೆ ಮುನಿಸಿಕೊಂಡು ಅರ್ಧ ಬಲವನ್ನು ಹಿಂತೆಗೆದುಕೊಳ್ಳುತ್ತದೆ. ಪಸ್ಸಾಟಿನ ಆಕ್ಸಿಲರೇಟರ್ ಪೆಡಲಿಗೆ ಕೇಬಲ್ ಇಲ್ಲ, ಇರುವುದು ವಿದ್ಯುತ್ ಸಂಕೇತ. ವ್ಯಾನಿನ ಪೆಡಲಿಗೆ ಕೇಬಲ್ಲಲ್ಲದೆ ಬೇರೇನೂ ಗೊತ್ತಿಲ್ಲ. ಕೀಲಿಯಲ್ಲಿ ಕಳ್ಳರಿಗೆ ತಡೆಯಾಗಿ ಇಟ್ಟ ಚಿಪ್ಪು ಬೇರೆ. ಅದು ಕಾಣದಿದ್ದರೆ ಇಂಜಿನ್ ಒಂದು ಕ್ಷಣ ಗುರ್ರೆಂದು ಆರಿಹೋಗುತ್ತದೆ. ತಿಳಿದವರು ಸತ್ತ ಪಸ್ಸಾಟಿನ ಕೀಲಿಯನ್ನು ಒಡೆದು, ಅಕ್ಕಿಕಾಳಿಗಿಂತ ತುಸು ದೊಡ್ಡ ಆ ಚಿಪ್ಪನ್ನು ಡ್ಯಾಶ್‌ಬೋರ್ಡಿನ ಹಿಂದೆ ಅದನ್ನು ಓದುವ ಸುರುಳಿಯ ಪಕ್ಕಕ್ಕೇ ಟೇಪು ಸುತ್ತಿ ಅಂಟಿಸಿಬಿಡುತ್ತಾರೆ. ಕಳ್ಳತನಕ್ಕೆ ಅಲ್ಲಿಗೆ ಯಾವ ತಡೆಯೂ ಉಳಿಯುವುದಿಲ್ಲ. ಆದರೆ ಅರ್ಧ ಬಿಚ್ಚಿದ ಟಿ3ಯನ್ನು ಕದ್ದು ಸಾಗಿಸುವ ಕಳ್ಳನಿಗೆ ಅಡ್ಡಿಪಡಿಸುವುದಕ್ಕಿಂತ ಸಹಾಯಧನ ಕೊಡುವುದೇ ನ್ಯಾಯ. ಕಂಪ್ಯೂಟರಿನ ಸಹವಾಸವೇ ಸಾಕೆನ್ನುವ ಕೆಲವರು ಇಂಜೆಕ್ಷನ್ ಪಂಪನ್ನು ತೆಗೆದು ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪ್ ಕೂರಿಸುತ್ತಾರೆ. ಅಲ್ಲಿಗೆ ಹೊಸ ಇಂಜಿನ್ನನ್ನು ತಂದು ಹಳೆಯದನ್ನಾಗಿ ಮಾಡಿದಂತಾಗುತ್ತದೆ. ಅವರ ಪ್ರಕಾರ ಅದೇ ಅದರ ಹೆಚ್ಚುಗಾರಿಕೆ.

ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ವ್ಯಾನಿನ ಉದ್ದಕ್ಕೂ ಹೊಟ್ಟೆಯಡಿ ಹಾಯುವ ಎರಡು ಕೊಳವೆ. ಈ ವ್ಯವಸ್ಥೆಯಲ್ಲಿ ನೀರು ತುಂಬುವುದು ಸುಲಭ, ಗಾಳಿ ಹೊರಡಿಸುವುದು ವಿದ್ಯೆ. ಎಲ್ಲಾದರೂ ಒಂದು ಗುಳ್ಳೆ ಸಿಕ್ಕಿಕೊಂಡರೆ ಇಂಜಿನ್ ಹಿಂದೆ ಕುದಿಯುತ್ತದೆ, ರೇಡಿಯೇಟರ್ ಮುಂದೆ ತಣ್ಣಗಿರುತ್ತದೆ. ಆದ್ದರಿಂದ ವ್ಯಾನಿನ ಮೂತಿಯನ್ನು ಜಾಕಿನಿಂದ ಎತ್ತಿ, ಎದುರಿನ ಜಾಲರಿ ಬಿಚ್ಚಿ, ರೇಡಿಯೇಟರಿನ ನೆತ್ತಿಯ ಸ್ಕ್ರೂ ಸಡಿಲಿಸಬೇಕು. ಒಬ್ಬರು ಹಿಂದೆ ನಂಬರ್ ಪ್ಲೇಟಿನ ಬಾಗಿಲು ತೆರೆದು ಅಲ್ಲಿರುವ ಬಾಟಲಿಗೆ ಕೂಲೆಂಟ್ ಸುರಿಯುತ್ತ, ಇನ್ನೊಬ್ಬರು ಒಳಗೆ ಕೂತು ಆಕ್ಸಿಲರೇಟರ್ ಒತ್ತುತ್ತ, ಮೂರನೆಯವರು ಮುಂದೆ ಬಟ್ಟೆಚೂರು ಹಿಡಿದು ಕೂರುತ್ತಾರೆ. ಸ್ಕ್ರೂವಿನಿಂದ ಮೊದಲು ಉಸ್ಸೆಂಬ ಗಾಳಿ, ಆಮೇಲೆ ಉಗುಳು ಉಗುಳಾಗಿ ನೊರೆ, ಮತ್ತೆ ಗಾಳಿ, ಕಡೆಗೆ ತಡೆಯಿಲ್ಲದ ಧಾರೆ. 'ಬಂತು' ಎಂದು ಮುಂದಿನವರು ಕೂಗುವುದು ಇಂಜಿನ್ನಿನ ಸದ್ದಿನಲ್ಲಿ ಹಿಂದಿನವರಿಗೆ ಕೇಳಿಸುವುದಿಲ್ಲ. ಅವರು ಸುರಿಯುತ್ತಲೇ ಇರುತ್ತಾರೆ. ಟರ್ಬೊ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಹೊರಗಿನ ಗಾಳಿ ಬೇಕು, ಗೂಡಿನಲ್ಲಿ ಅದಿಲ್ಲ. ಕೆಲವರು ಅದನ್ನು ಹಿಂಬದಿಯ ಕಿಟಕಿ ಪಕ್ಕದ ಗಾಳಿಕಿವಿಯ ಹಿಂದೆ ಇಡುತ್ತಾರೆ, ಕೆಲವರು ಅಡಿಯಲ್ಲಿ ಫ್ಯಾನು ಕಟ್ಟಿ ತೂಗುಹಾಕುತ್ತಾರೆ.

ಇಷ್ಟಾಗಿ ವ್ಯಾನು ಓಡಿತೆನ್ನೋಣ. ಆಗ ಗೇರ್‌ಬಾಕ್ಸಿನ ಸರದಿ. 50 ಅಶ್ವಶಕ್ತಿಗೆಂದು ಕಂಪನಿ ಅದರಲ್ಲಿ ಇಟ್ಟ ಗೇರುಗಳೆಲ್ಲ ಗಿಡ್ಡ. ಟಿಡಿಐಗೆ 1,900 ಸುತ್ತಿನಲ್ಲಿ ಹಾಯಾಗಿ ಹೋಗುವ ಆಸೆ, ಗೇರ್‌ಬಾಕ್ಸ್ ಅದರ ಕೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸುತ್ತು ಹಾಕಿಸುತ್ತದೆ. ಸದ್ದು ತಗ್ಗಿಸಲು ಮೇಲಿನ ಗೇರನ್ನು ಉದ್ದ ಮಾಡಿಸಬೇಕು ಅಥವಾ ದೊಡ್ಡ ಟಯರು ಹಾಕಬೇಕು. ಟಯರು ಹಾಕಿದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಅದನ್ನು ತಿದ್ದಬೇಕು. ಎಳೆತ ಹೆಚ್ಚುಕಡಿಮೆ ಇಮ್ಮಡಿಯಾದ್ದರಿಂದ ಹಳೆಯ ಗೇರಿನ ಹಲ್ಲುಗಳೂ ಬೇರಿಂಗುಗಳೂ ದೂರು ಕೊಡಲು ತೊಡಗುತ್ತವೆ. ವೇಗ ಬಂದ ಮೇಲೆ ನಿಲ್ಲಿಸಲು ಬ್ರೇಕು ಸಾಲದು; ದೊಡ್ಡ ಡಿಸ್ಕು ಬೇಕು. ಇಂಜಿನ್ ಬದಲಾವಣೆ ಎಂಬ ಕೆಲಸದಲ್ಲಿ ಇಂಜಿನ್ನಿನ ಪಾಲು ಎಷ್ಟೆಂದು ಈ ಹಂತದಲ್ಲಿ ಬಿಲ್ಲುಗಳನ್ನು ಜೋಡಿಸಿ ನೋಡಿದವರು ಎರಡನೆಯ ಸಲ ಜೋಡಿಸುವುದಿಲ್ಲ.

ಹಣ ಉಳಿತಾಯದ ವಾದವೂ ಒಂದುಂಟು. ಪೆಟ್ರೋಲ್ ಕ್ಯಾಂಪರ್ 100 ಕಿಲೋಮೀಟರಿಗೆ 13 ಲೀಟರ್ ಕುಡಿದರೆ ಟಿಡಿಐ ಎಂಟರಲ್ಲಿ ಮುಗಿಸೀತು. ವರ್ಷಕ್ಕೆ 5,000 ಕಿಲೋಮೀಟರ್ ಓಡುವ ರಜಾವಾಹನ ಇದರಿಂದ ಉಳಿಸುವುದು 250 ಲೀಟರ್. ಬದಲಾವಣೆಯ ಖರ್ಚು ಸಾವಿರಗಟ್ಟಲೆ ಯುರೋ. ಭಾಗಾಕಾರ ಮಾಡಿದರೆ ಬರುವ ವರ್ಷಗಳ ಸಂಖ್ಯೆ ನಿರುತ್ಸಾಹಕರ. ಇದಕ್ಕೆ ಮಾಲೀಕರು ಕಂಡುಕೊಂಡ ಪರಿಹಾರ ಹೆಚ್ಚು ಓಡಿಸುವುದು.

ಜರ್ಮನಿಯಲ್ಲಿ ಇಂಜಿನ್ ಬದಲಿಸಿದ ವ್ಯಾನನ್ನು ಪರೀಕ್ಷಕರಿಗೆ ತೋರಿಸಿ ದಾಖಲೆಯಲ್ಲಿ ಬರೆಸದೆ ರಸ್ತೆಗಿಳಿಸುವಂತಿಲ್ಲ. ಇಲ್ಲಿ 110 ಅಶ್ವಶಕ್ತಿಯ ಟಿಡಿಐಗೆ ಒಂದು ಅನುಕೂಲ. ಟಿ3ಗೆ ಕಾರ್ಖಾನೆಯೇ 2.1 ಲೀಟರಿನ 112 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ ಹಾಕಿ ಮಾರಿತ್ತು. ಆ ವ್ಯಾನಿನ ಬ್ರೇಕು ಹಾಕಿಸಿಕೊಂಡು ಬಂದವರ ಜೊತೆ ಪರೀಕ್ಷಕರಿಗೆ ಹೆಚ್ಚು ವಾದ ಇರುವುದಿಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ಪೆಟ್ರೋಲ್ ಅಂಬಾಸಿಡರಿಗೆ ಮ್ಯಾಟಡೋರಿನ ಡೀಸೆಲ್ ಇಂಜಿನ್ ಕೂರಿಸಿ ಟ್ಯಾಕ್ಸಿ ಓಡಿಸಿದವರೂ ಆರ್‌ಸಿ ಪುಸ್ತಕ ಹಿಡಿದು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಿದವರೇ. ವಾಹನದ ಬದಲಾವಣೆಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಬಗ್ಗೆ 2019ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಆ ಮೆಟ್ಟಿಲು ಇನ್ನೂ ಕಡಿದಾಗಿದೆ.

ಜರ್ಮನಿಯಲ್ಲಿ ಮೆಟ್ಟಿಲು ಹತ್ತಿಯಾದ ಮೇಲೂ ಒಂದು ಬಾಗಿಲಿದೆ. 2008ರ ಜನವರಿ 1ರಿಂದ ಬರ್ಲಿನ್, ಕಲೋನ್, ಹ್ಯಾನೋವರ್ ನಗರಗಳಲ್ಲಿ, ಮುಂದೆ ಇನ್ನೂ ಹಲವು ಕಡೆ, ಹೊಗೆಗೆ ಲಗಾಮು ಹಾಕುವ ವಲಯಗಳು ಬಂದವು. ಹ್ಯಾನೋವರ್ 2024ರಲ್ಲಿ ತನ್ನದನ್ನು ತೆಗೆದುಹಾಕಿತು; ವಲಯ ಇನ್ನೂ ಉಳಿದಿರುವಲ್ಲಿ ಗಾಜಿಗೆ ಹಸಿರು ಚೀಟಿ ಇಲ್ಲದ ವಾಹನಕ್ಕೆ ಪ್ರವೇಶವಿಲ್ಲ. 1990ರ ದಶಕದ ಟಿಡಿಐಗೆ, ಹೊಗೆಯ ಫಿಲ್ಟರ್ ಹಾಕಿಸದಿದ್ದರೆ, ಹಸಿರು ಸಿಗುವುದಿಲ್ಲ. ಆದರೆ 30 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ನಂಬರಿನ ಕೊನೆಯಲ್ಲಿ 'ಎಚ್' ಅಕ್ಷರ ಸಿಗುತ್ತದೆ. ಅದಕ್ಕೆ ಚೀಟಿಯ ಹಂಗಿಲ್ಲ. ಹೀಗಾಗಿ ಕಪ್ಪು ಹೊಗೆ ಕಾರುವ 50 ಅಶ್ವಶಕ್ತಿಯ ಮೂಲ ಡೀಸೆಲ್ಲು ಪರಂಪರೆಯ ಹೆಸರಿನಲ್ಲಿ ನಗರದ ನಟ್ಟನಡುವೆ ಮೆರವಣಿಗೆ ಹೋಗಬಹುದು, ಅದಕ್ಕಿಂತ ಚೊಕ್ಕಟವಾದ ಟಿಡಿಐ ಹೊರವಲಯದಲ್ಲಿ ನಿಂತು ಬಸ್ಸು ಹಿಡಿಯಬೇಕು. ಬದಲಾವಣೆ ಮಾಡಿದ್ದರೂ ಅದು ವಾಹನದ ಕಾಲಕ್ಕೆ ಹೊಂದಿದ್ದರೆ 'ಎಚ್' ಕೊಡಬಹುದು. 1985ರ ವ್ಯಾನಿನಲ್ಲಿ 1990ರ ದಶಕದ ಇಂಜಿನ್ ಇದ್ದರೆ ಅದು ಹೊಂದಿತೋ ಇಲ್ಲವೋ ಎಂಬುದು ಪರೀಕ್ಷಕರನ್ನೂ ಆವತ್ತಿನ ಅವರ ಮನಸ್ಸನ್ನೂ ಅವಲಂಬಿಸಿದೆ.

ಇಳಿಸಿದ ಹಳೆಯ ಇಂಜಿನ್ನನ್ನು ಈ ಕಾರಣಕ್ಕೇ ಗುಜರಿಗೆ ಹಾಕಬಾರದು. ಆಯಿಲ್ ಬಸಿದು, ತೂತುಗಳಿಗೆಲ್ಲ ಬಟ್ಟೆ ತುರುಕಿ, ಗ್ಯಾರೇಜಿನ ಮೂಲೆಯಲ್ಲಿ ಹಲಗೆಯ ಮೇಲಿಟ್ಟರೆ ಬಹಳ ಕಾಲ ಇರುತ್ತದೆ. ಅದರ ಓರೆ ಸಂಪು, ಬ್ರಾಕೆಟ್ಟುಗಳು ಈಗಾಗಲೇ ಟಿಡಿಐಗೆ ಹೋಗಿರುವುದರಿಂದ ನೆಟ್ಟಗೆ ನಿಲ್ಲಿಸುವುದು ಸ್ವಲ್ಪ ಕಷ್ಟ. ಗಿರಾಕಿಗಳಿಗೇನೂ ಕೊರತೆಯಿಲ್ಲ. ಎಚ್ ನಂಬರಿಗಾಗಿ ಟಿಡಿಐ ಇಳಿಸಿ ಮೂಲ ಇಂಜಿನ್ ಹುಡುಕುತ್ತಿರುವವರು ಇದ್ದೇ ಇರುತ್ತಾರೆ; ಸಂಪು ಅವರ ಬಳಿಯೇ ಇರುತ್ತದೆ.