ಅರ್ಹತಾ ಪಟ್ಟಿ ಬರೆದ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಕೆಲವು ವರ್ಷ ತಡವಾಗಿ ತಮ್ಮ ಕೈಸೇರುತ್ತಿದೆ. ಲಕ್ಷ ವರ್ಷಗಳ ಲೆಕ್ಕದಲ್ಲಿ ವ್ಯವಹರಿಸುವ ಇಲಾಖೆಗೆ ಅದೇನು ಮಹಾ ತಡವೆಂಬ ಧೈರ್ಯದಿಂದ ಬರೆದದ್ದು.

2020ರ ಅಕ್ಟೋಬರ್‌ನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪುರಾತತ್ವ ಸಂಸ್ಥೆ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಅರ್ಜಿ ಕರೆಯಿತು. ಎಂ.ಎ. ಮಾಡಿರಬಹುದಾದ ಶಾಸ್ತ್ರೀಯ ಭಾಷೆಗಳೆಂದು ತಾವು ಹೆಸರಿಸಿದ್ದು ಸಂಸ್ಕೃತ, ಪಾಳಿ, ಪ್ರಾಕೃತ, ಅರೇಬಿಕ್, ಪರ್ಷಿಯನ್. ತಮಿಳಿರಲಿಲ್ಲ, ಕನ್ನಡವೂ ಇರಲಿಲ್ಲ. ತಮಿಳಿಗೆ 2004ರಲ್ಲಿ, ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಸ್ಥಾನ ಕೊಟ್ಟದ್ದು ಇದೇ ಕೇಂದ್ರ ಸರ್ಕಾರ. ಆ ಕಡತಗಳು ಯಾವ ಪದರದಲ್ಲಿ ಹೂತಿದ್ದವೋ, ಅಗೆಯುವುದೇ ಕಸುಬಾದವರಿಗೂ ಸಿಗಲಿಲ್ಲ.

ಚೆನ್ನೈ ರೇಗಿತು. ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಪ್ರಧಾನಿಗೆ ಪತ್ರ ಬರೆದರು. ಬೆನ್ನಲ್ಲೇ ಬಂದ ತಿದ್ದುಪಡಿಯಲ್ಲಿ ತಮಿಳಿನ ಜೊತೆ ಕನ್ನಡ, ತೆಲುಗು, ಮಲಯಾಳಂ, ಒಡಿಯಾಗಳಿಗೂ ಜಾಗ ಸಿಕ್ಕಿತು. ತಮಿಳರು ಬಡಿದ ಬಾಗಿಲಲ್ಲಿ ಕನ್ನಡವೂ ಒಳಹೊಕ್ಕಿತು. ಕಾವೇರಿ ವಿಷಯದಲ್ಲಿ ಇಂಥ ಯೋಗ ಎಲ್ಲಿ ಬರಬೇಕು!

ಹಾಗೆ ಸಿಟ್ಟಿಗೇಳಿಸಲು ತಾವು ಆರಿಸಿಕೊಂಡ ಊರಾದರೂ ಎಂಥದ್ದು? 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ಕಲ್ಲಿನ ಕೈಗೊಡಲಿಯೊಂದನ್ನು ಹೆಕ್ಕಿದ್ದು ಇದೇ ಚೆನ್ನೈಯ ಪಲ್ಲಾವರದಲ್ಲಿ. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾದದ್ದೇ ಅಲ್ಲಿಂದ. ಆಗ ಡಿಪ್ಲೊಮಾನೂ ಇರಲಿಲ್ಲ, ಅರ್ಹತಾ ಪಟ್ಟಿಯೂ ಇರಲಿಲ್ಲ. ಅದಕ್ಕೇ ಕೆಲಸ ಸುಸೂತ್ರವಾಗಿ ನಡೆಯಿತೆನ್ನುವ ಕುಹಕಿಗಳಿದ್ದಾರೆ. ಸಾಹೇಬರು ಮುಂದೆ ಬಳ್ಳಾರಿ ಸೀಮೆಗೂ ಬಂದು, ಅಲ್ಲಿನ ಬೂದಿಗುಡ್ಡಗಳು ಸುಟ್ಟ ಸಗಣಿಯವು ಎಂದರು. ಸಗಣಿ ವಿದ್ವತ್ತಿಗೆ ದಕ್ಕಲು ಬಹುಕಾಲ ಬೇಕಾಯಿತು. ಅದನ್ನು ಗಟ್ಟಿಯಾಗಿ ಸಾಧಿಸಿದ ರೇಮಂಡ್ ಆಲ್ಚಿನ್ನರ ಪುಸ್ತಕ ಬಂದದ್ದು 1963ರಲ್ಲಿ.

ಈಗ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಬನ್ನಿ. ಅಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ, ಕನ್ನಡ ವಿಭಾಗವೂ ಇದೆ. ಪುರಾತತ್ವ ಓದುವ ಹುಡುಗಿ ಹಬ್ಬಕ್ಕೆ ಊರಿಗೆ ಹೋದರೆ ಚಿಕ್ಕಪ್ಪ ಕೇಳುವುದು ಒಂದೇ: "ಏನಮ್ಮಾ, ನಿಧಿ ಸಿಕ್ತಾ?" ಆಕೆಗೆ ಸಿಗುವುದು ಬಿಸಿಲು, ಒಡೆದ ಮಡಕೆಯ ಚೂರು, ಅದೃಷ್ಟವಿದ್ದರೆ ಒಂದು ಶಾಸನ. ಶಾಸನದ ಪಡಿಯಚ್ಚು ತೆಗೆಯುವುದೂ ಮಕ್ಕಳಾಟವಲ್ಲ. ಕಲ್ಲಿನ ಪಾಚಿ ತಿಕ್ಕಿ ತೊಳೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರದ ಕುಳಿಗಳಿಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಹದವಾಗಿ ಮಸಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಮಸಿ ಹೆಚ್ಚಾಯಿತೋ, ಒಂದು ಸಾವಿರ ವರ್ಷ ಬಾಳಿದ ಸಾಲು ಅರೆಗಳಿಗೆಯಲ್ಲಿ ಮಾಯ.

ಇಷ್ಟೆಲ್ಲ ಆದಮೇಲೆ ಅದನ್ನು ಯಾರಾದರೂ ಓದಬೇಕಲ್ಲ? ಪರ್ಷಿಯನ್ ಮೇಲೆ ಯಾರಿಗೂ ಮುನಿಸಿಲ್ಲ. ಬೀದರ್, ವಿಜಯಪುರದ ಗೋಡೆಗಳಿಗೆ ಅದು ಬೇಕೇ ಬೇಕು. ಆದರೆ ತಮಿಳುನಾಡಿನ ಧರ್ಮಪುರಿ, ಕೃಷ್ಣಗಿರಿ ಕಡೆಯ ನೊಳಂಬರ ಕಾಲದ ಕನ್ನಡ ಶಾಸನದ ಮುಂದೆ ಪರ್ಷಿಯನ್ ಪಂಡಿತರನ್ನು ನಿಲ್ಲಿಸಿದರೆ, ಪಡಿಯಚ್ಚು ಮಾತ್ರ ಬಹಳ ಅಂದವಾಗಿ ಬಂದೀತು.

ಇದು ತಮಗೆ ಹೊಸ ಸುದ್ದಿಯಾಗಿರಲೂ ಬಾರದು. ದಕ್ಷಿಣ ಭಾರತದ ಶಾಸನಗಳ ಮಾಲೆಯ 9ನೇ ಸಂಪುಟದ ಮೊದಲ ಭಾಗವನ್ನು 1939ರಲ್ಲಿ ಹೊರತಂದದ್ದು ತಮ್ಮದೇ ಸರ್ವೇಕ್ಷಣೆ. ವಿಷಯ: ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳು. ಸಂಪಾದಕರಲ್ಲೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು. ಸ್ವಂತ ಕಪಾಟಿನ ಪುಸ್ತಕ ನೋಡಲು ಉತ್ಖನನದ ಪರವಾನಗಿ ಬೇಕಾಗಿರಲಿಲ್ಲ.

ಮುಂದಿನ ಪಟ್ಟಿ ಅಚ್ಚಿಗೆ ಹೋಗುವ ಮೊದಲು ತಾವು ಒಮ್ಮೆ ಚೆನ್ನೈಗೆ ದಯಮಾಡಿಸಬೇಕು. 1904ರಲ್ಲಿ ಫೂಟ್ ಸಾಹೇಬರ ಸಂಗ್ರಹವನ್ನು ಕೊಂಡ ವಸ್ತುಸಂಗ್ರಹಾಲಯ ಎಗ್ಮೋರ್‌ನಲ್ಲೇ ಇದೆ. ಶುಕ್ರವಾರ ಮಾತ್ರ ಬೇಡ. ಅಂದು ಅದಕ್ಕೆ ರಜೆ.

ಇಂತಿ,
ಅರ್ಜಿದಾರರ ಪರವಾಗಿ