ಊದುವವರೂ ಕೇಳುವವರೂ

ಲೋಕದಲ್ಲಿ ಯಾವ ಸದ್ದೇ ಆಗಲಿ, ಅದನ್ನು ಮಾಡುವವನೊಬ್ಬನೂ ಕೇಳುವವನೊಬ್ಬನೂ ಇದ್ದೇ ಇರುತ್ತಾರೆ. ಮಾಡುವವನಿಗೆ ಅದು ತನ್ನ ಉತ್ಸಾಹದ ಸಹಜವಾದ ಹೊರಹೊಮ್ಮುವಿಕೆಯೆಂದು ತೋರಿದರೆ, ಕೇಳುವವನಿಗೆ ತನ್ನ ನೆಮ್ಮದಿಯ ಮೇಲೆ ಸಾರಿದ ದಂಡಯಾತ್ರೆಯೆಂದು ತೋರುವುದು. ಮತ್ತು ಕಾನೂನು, ವೈದ್ಯಶಾಸ್ತ್ರ, ನೆರೆಮನೆಯವರು ಎಲ್ಲರೂ ಕೇಳುವವನ ಪಕ್ಷವನ್ನೇ ವಹಿಸುವ ವಾಡಿಕೆ ಇರುವುದರಿಂದ, ಮಾಡುವವನ ಪರವಾಗಿ ನಿಂತು ವಾದಿಸಬಲ್ಲ ವಕೀಲನು ದೊರೆಯುವುದು ದುರ್ಲಭ. ಈ ವ್ಯಾಜ್ಯವು ಇಡೀ ಭೂಮಂಡಲದ ಕಿವಿಗೆ ಬಿದ್ದದ್ದು 2010ನೆಯ ಇಸವಿಯ ಜೂನ್ 11ರಂದು, ಜೋಹಾನ್ಸ್‌ಬರ್ಗಿನ ಸಾಕರ್ ಸಿಟಿ ಕ್ರೀಡಾಂಗಣದಲ್ಲಿ 84 ಸಾವಿರಕ್ಕೂ ಮಿಕ್ಕ ಜನ ನೆರೆದು, ಆಫ್ರಿಕ ಖಂಡದಲ್ಲಿ ನಡೆದ ಮೊತ್ತಮೊದಲ ಫುಟ್‌ಬಾಲ್ ವಿಶ್ವಕಪ್ಪನ್ನು ವುವುಜೆಲಾ ಎಂಬ ಕೊಂಬಿನ ಘೋಷದಿಂದ ಬರಮಾಡಿಕೊಂಡಾಗ.

ವಾದ್ಯವೆಂದು ಕರೆಯುವುದಾದರೆ, ಅದರಷ್ಟು ನಿರಾಡಂಬರವಾದ ವಾದ್ಯ ಇನ್ನೊಂದಿಲ್ಲ. ಸುಮಾರು 65 ಸೆಂಟಿಮೀಟರು ಉದ್ದದ, ಒಂದು ತುದಿ ಕಿರಿದಾಗಿ ಇನ್ನೊಂದು ತುದಿ ಬಾಯ್ದೆರೆದಿರುವ ಪ್ಲಾಸ್ಟಿಕ್ ಕೊಳವೆ ಅದು. ರಂಧ್ರಗಳಿಲ್ಲ, ಕೀಲಿಗಳಿಲ್ಲ, ಗುರುಮುಖೇನ ಪಾಠವಾಗಬೇಕೆಂಬ ನಿಯಮವೂ ಇಲ್ಲ. ತುಟಿಗಳನ್ನು ಬಿಗಿಹಿಡಿದು ಅದುರಿಸುತ್ತ ಉಸಿರನ್ನು ನೂಕಿದರೆ ಒಂದೇ ಒಂದು ಸ್ವರ ಹೊರಡುತ್ತದೆ. ಅಲ್ಲಿಗೆ ವಿದ್ಯೆ ಸಂಪೂರ್ಣವಾಯಿತು. ಸಾಮಾನ್ಯವಾಗಿ ಗದ್ದಲವೊಂದಾದರೆ ‘ನಾನಲ್ಲ’ ಎನ್ನುವವರೇ ಎಲ್ಲೆಲ್ಲಿಯೂ; ಈ ಗದ್ದಲಕ್ಕಾದರೋ ‘ನಮ್ಮದು, ನಮ್ಮದು’ ಎಂದು ಮೂರು ಕಡೆಯಿಂದ ಹಕ್ಕುದಾರರು ಎದ್ದುನಿಂತರು. ಕೈಜರ್ ಚೀಫ್ಸ್ ತಂಡದ ಕಟ್ಟಾಭಿಮಾನಿಯಾದ ಫ್ರೆಡ್ಡಿ ಮಾಕೆ ಎಂಬವರು, ತಾವು 1960ರ ದಶಕದಲ್ಲೇ ಸೈಕಲ್ಲಿನ ಹಾರ್ನಿನ ರಬ್ಬರ್ ಬುರುಡೆಯನ್ನು ಕಿತ್ತೊಗೆದು ಬಾಯಿಯಿಂದ ಊದಿದ್ದೇ ಇದರ ಮೂಲವೆಂದರು. ನಜರೆತ್ ಬ್ಯಾಪ್ಟಿಸ್ಟ್ ಚರ್ಚಿನ ಭಕ್ತರು, ಅದು ತಮ್ಮ ಆರಾಧನೆಯ ಕಹಳೆಯೆಂದೂ ಆಟದವರು ಅದನ್ನು ಅಪಹರಿಸಿದರೆಂದೂ ಆಕ್ಷೇಪಿಸಿದರು. ಕೇಪ್‌ಟೌನಿನ ಉದ್ಯಮಿ ನೀಲ್ ವಾನ್ ಶಾಲ್ಕ್‌ವಿಕ್ ಅವರು, ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದು 2001ರಿಂದ ಅದನ್ನು ರಾಶಿರಾಶಿಯಾಗಿ ಮಾರಿದವರು ತಾವೆಂದು ಲೆಕ್ಕಪತ್ರ ಸಮೇತ ಹೇಳಬಲ್ಲವರಾಗಿದ್ದರು. ನನಗೆ ಈ ಮೂವರಲ್ಲಿ ಮೊದಲನೆಯವರ ಮೇಲೆಯೇ ಹೆಚ್ಚು ಪ್ರೀತಿ. ಹಾರ್ನಿನ ಸದ್ದು ಸಾಲದೆಂದು ಸ್ವಂತ ಶ್ವಾಸಕೋಶವನ್ನು ಹೂಡಿದ ಮನುಷ್ಯನಲ್ಲಿ ಒಂದು ಬಗೆಯ ತ್ಯಾಗಬುದ್ಧಿ ಇದೆ.

ನಮ್ಮ ಗಡಿಯಾರಗಳು ಅಲ್ಲಿಯವಕ್ಕಿಂತ ಮೂರೂವರೆ ಗಂಟೆ ಮುಂದೆ ನಡೆಯುವುದರಿಂದ, ಅಲ್ಲಿ ರಾತ್ರಿ ಎಂಟೂವರೆಗೆ ತೊಡಗಿದ ಆಟವು ನಮ್ಮ ಮನೆಯಲ್ಲಿ ಸರಿಯಾಗಿ ನಡುರಾತ್ರಿಗೆ ತೊಡಗುತ್ತಿತ್ತು. ಆಟ ನೋಡುವ ಚಪಲ ನನಗೆ ಮತ್ತು ಅಣ್ಣನ ಮಗನಿಗೆ. ಕೇಳುವ ಶಿಕ್ಷೆ ಮನೆಮಂದಿಗೆಲ್ಲ. ಆ ಕಾಲಕ್ಕೆ ನಮ್ಮಲ್ಲಿಯೇ ಬಂದು ಇದ್ದ ನನ್ನ ಸೋದರಮಾವನವರು ಸಂಗೀತದ ಒಳಹೊರಗನ್ನು ಬಲ್ಲವರು, ಚೆಂಡು ದುಂಡಗಿದೆಯೆಂಬುದಕ್ಕಿಂತ ಹೆಚ್ಚಿಗೆ ಆಟದ ವಿಚಾರವನ್ನು ಅರಿಯದವರು. ಒಂದು ರಾತ್ರಿ ಆ ಘೋಷಕ್ಕೆ ಎಚ್ಚೆತ್ತು ಬಂದವರು ಬೈಯುವರೆಂದು ನಾವು ತಲೆತಗ್ಗಿಸಿ ಕುಳಿತಿದ್ದರೆ, ಅವರು ತಮ್ಮ ಹಾರ್ಮೋನಿಯಮ್ಮನ್ನು ತರಿಸಿ, ತಿದಿಯೊತ್ತುತ್ತ ಒಂದೊಂದೇ ಮನೆಯನ್ನು ಪರೀಕ್ಷಿಸಿ, ಕೊನೆಗೆ ಒಂದು ಕರಿಯ ಮನೆಯ ಮೇಲೆ ಬೆರಳನ್ನು ನಿಲ್ಲಿಸಿ, “ಆರೂವರೆ ಮನೆ ಶ್ರುತಿ ಕಣಯ್ಯಾ, ಅಷ್ಟೇನೂ ತಪ್ಪಿಲ್ಲ” ಎಂದು ತೀರ್ಪಿತ್ತರು. ಸೆಕೆಂಡಿಗೆ ಸುಮಾರು 233 ಕಂಪನಗಳೆಂದು ಪಾಶ್ಚಾತ್ಯ ಪಂಡಿತರು ಯಂತ್ರಗಳಿಂದ ಅಳೆದು ಹೇಳಿದ್ದೂ ಅದೇ ಸ್ವರವನ್ನೇ. ಮಾವನವರು ಅರ್ಧ ಗಂಟೆಯ ಕಾಲ ಕಣ್ಣುಮುಚ್ಚಿ ಕುಳಿತಿದ್ದು, ತರುವಾಯ ಅತ್ಯಂತ ವಿನಯದಿಂದ, “ಶ್ರುತಿ ಹಿಡಿಯುವುದಕ್ಕೆ ಇಷ್ಟು ಸಾವಿರ ಜನ ಇದ್ದಾರಲ್ಲ, ಹಾಡುವವರು ಎಷ್ಟು ಹೊತ್ತಿಗೆ ಬರುತ್ತಾರೆ?” ಎಂದು ಕೇಳಿದರು.

ವಿನೋದಕ್ಕೆ ಆಡಿದ್ದೋ ಅಲ್ಲವೋ, ವುವುಜೆಲಾದ ಮೇಲಿನ ಆರೋಪಗಳಲ್ಲೆಲ್ಲ ಸಾರವತ್ತಾದುದು ಈ ಮಾತಿನಲ್ಲಿಯೇ ಇದೆಯೆಂದು ನನಗನಿಸುತ್ತದೆ. ಆಟದ ಬಯಲಿನ ಜನಘೋಷವೆಂಬುದು ಬರಿಯ ಗದ್ದಲವಲ್ಲ. ಚೆಂಡು ಗೋಲಿನ ಬಳಿಗೆ ಸಾರಿದಂತೆ ಅದು ಏರುತ್ತದೆ, ಗುರಿ ತಪ್ಪಿದೊಡನೆ ಒಂದು ದೀರ್ಘನಿಟ್ಟುಸಿರಾಗಿ ಕುಸಿಯುತ್ತದೆ, ರೆಫರಿಯ ಸೀಟಿಗೆ ಸಿಡಿಯುತ್ತದೆ. ಅಡಿಗೆಮನೆಯಲ್ಲಿರುವವರು ಕೂಡ ಅದನ್ನು ಕೇಳಿಯೇ ‘ಏನಾಯಿತು?’ ಎಂದು ಓಡಿಬರುವರು. ಕೊಂಬಿನ ಸ್ವರಕ್ಕೆ ಗೋಲೂ ಒಂದೇ, ತಪ್ಪಿದ ಗೋಲೂ ಒಂದೇ, ವಿರಾಮವೂ ಒಂದೇ. ಗಣಿಯ ಹಾಗೂ ರೈಲಿನ ಕೂಲಿಕಾರರಿಂದ ಬಂದು ಆ ನಾಡಿನ ಆಟದ ಬಯಲುಗಳಲ್ಲಿ ಮೊಳಗುತ್ತಿದ್ದ ಷೋಷೊಲೋಜಾ ಎಂಬ ಸಮೂಹಗಾನವೂ ಈ ಏಕಸ್ವರದ ಅಡಿಯಲ್ಲಿ ಹೂತುಹೋಯಿತೆಂದು ಅಲ್ಲಿಯವರೇ ಕೆಲವರು ಹಳಹಳಿಸಿದರು. ಸದ್ದು ದೊಡ್ಡದಾಯಿತೆಂಬ ದೂರಿಗಿಂತ, ಸದ್ದಿಗೆ ಹೇಳಲು ಏನೂ ಇಲ್ಲವಾಯಿತೆಂಬ ಈ ದೂರನ್ನು ನಾನು ಗೌರವಿಸುತ್ತೇನೆ.

ಆದರೆ ಲೋಕವು ಹಿಡಿದದ್ದು ಮೊದಲನೆಯ ದೂರನ್ನೇ. ಹಿಂದಿನ ವರ್ಷದ ಕಾನ್‌ಫೆಡರೇಷನ್ಸ್ ಕಪ್ಪಿನಲ್ಲಿಯೇ ಸ್ಪೇನಿನ ಕ್ಸಾಬಿ ಅಲೊನ್ಸೊ ಇದನ್ನು ನಿಷೇಧಿಸಬೇಕೆಂದಿದ್ದರು. ಫಿಫಾದ ಅಧ್ಯಕ್ಷ ಸೆಪ್ ಬ್ಲಾಟರ್, ಆಫ್ರಿಕದ ವಿಶ್ವಕಪ್ಪನ್ನು ಯೂರೋಪಿನದಾಗಿ ಮಾರ್ಪಡಿಸುವುದು ಸಲ್ಲದೆಂದು ಅದನ್ನು ತಳ್ಳಿಹಾಕಿದ್ದರು. ಆಟಗಾರರು ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸುವುದಿಲ್ಲವೆಂದರು; ಮೆಸ್ಸಿಯವರಂತೂ ಕಿವುಡಾದಂತಾಗಿದೆಯೆಂದರು. ಬ್ರಿಟನ್ನಿನ ಬಿಬಿಸಿಗೆ ಐನೂರಕ್ಕೂ ಹೆಚ್ಚು ದೂರುಗಳು ಬಂದು, ಕೊಂಬಿಲ್ಲದ ಪ್ರಸಾರವೊಂದನ್ನು ಬೇರೆಯಾಗಿ ಒದಗಿಸಬಹುದೇ ಎಂದು ಅವರು ಆಲೋಚಿಸುವಂತಾಯಿತು.

ಇಲ್ಲಿಂದ ಮುಂದೆ ವಿಜ್ಞಾನದ ಪ್ರವೇಶ. ಕೊಂಬಿನದು ಒಂದೇ ಸ್ವರವಾದುದರಿಂದ, 233 ಕಂಪನದ ಆ ಸ್ವರವನ್ನೂ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟಾದ 466, 699, 932ರ ಅನುಸ್ವರಗಳನ್ನೂ ಶಬ್ದದಿಂದ ಹೆಕ್ಕಿ ತೆಗೆದುಬಿಟ್ಟರೆ ಉಳಿದುದೆಲ್ಲ ನಿರ್ಮಲವೆಂಬುದು ಶಾಸ್ತ್ರ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಇಂಥದೊಂದು ಸಾಧನವನ್ನು ರಚಿಸಿ ಲೋಕಕ್ಕೆ ನೀಡಿದರು. ಉತ್ಸಾಹಿಗಳನೇಕರು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಬೇರೆ ಬೇರೆ ಸೋಸುಯಂತ್ರಗಳನ್ನು ಹೂಡಿದರು. ನನ್ನ ಅಣ್ಣನ ಮಗನೂ ಟಿವಿಯಿಂದ ತಂತಿಯೆಳೆದು, ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿಂದ ಸ್ಪೀಕರಿಗೆ ಸೇರಿಸಿ, “ಚಿಕ್ಕಪ್ಪ, ಈಗ ಕೇಳಿ” ಎಂದನು. ಕೇಳಿದೆ. ಕೊಂಬು ನಿಜವಾಗಿಯೂ ಕ್ಷೀಣಿಸಿತ್ತು. ಆದರೆ ಸೃಷ್ಟಿಕರ್ತನು ಮನುಷ್ಯನ ಕಂಠವನ್ನು ರಚಿಸುವಾಗ ಮುಂದೊಂದು ಕಾಲಕ್ಕೆ ವುವುಜೆಲಾ ಹುಟ್ಟೀತೆಂಬ ಮುಂದಾಲೋಚನೆಯಿಲ್ಲದೆ, ಮಾತಿನ ಜೀವಾಳವಾದ ಸ್ವರಗಳನ್ನೂ ಅದೇ ನೆಲೆಯಲ್ಲಿಯೇ ಇಟ್ಟುಬಿಟ್ಟಿದ್ದಾನೆ. ಮೇಲಾಗಿ ಸಾವಿರಾರು ಮಂದಿ ಊದುವಾಗ ಒಬ್ಬೊಬ್ಬನ ತುಟಿಯ ಬಿಗಿಯೂ ಒಂದೊಂದು ಬಗೆಯದಾಗಿ ಶ್ರುತಿಯು ಅತ್ತಿತ್ತ ಹರಡುವುದರಿಂದ, ಕತ್ತರಿಯನ್ನು ತುಸು ಅಗಲವಾಗಿಯೇ ಆಡಿಸಬೇಕಾಗುತ್ತದೆ. ಪರಿಣಾಮವಾಗಿ, ವೀಕ್ಷಕ ವಿವರಣೆ ಹೇಳುತ್ತಿದ್ದ ಪುಣ್ಯಾತ್ಮನು ತೀವ್ರವಾದ ನೆಗಡಿಗೆ ತುತ್ತಾದನು. ಕತ್ತರಿಯನ್ನು ಕಿರಿದುಮಾಡಿದರೆ ಆತನ ಆರೋಗ್ಯ ಸುಧಾರಿಸಿ ಕೊಂಬು ಮರಳುತ್ತಿತ್ತು. ಅಗಲಮಾಡಿದರೆ ಕೊಂಬು ಅಡಗಿ ಆತನು ಮತ್ತೆ ಹಾಸಿಗೆ ಹಿಡಿಯುತ್ತಿದ್ದನು. ಈ ಚಿಕಿತ್ಸೆಯಲ್ಲಿ ಮಗ್ನರಾಗಿದ್ದ ನಾವಿಬ್ಬರೂ ಆ ರಾತ್ರಿ ಬಿದ್ದ ಒಂದೇ ಗೋಲನ್ನು ನೋಡಲಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ಪ್ರತಿಶಬ್ದದ ವ್ಯಾಪಾರ. ಅಲೆಯ ಉಬ್ಬಿಗೆ ಸರಿಯಾಗಿ ಇನ್ನೊಂದು ಅಲೆಯ ತಗ್ಗನ್ನು ಹೊಂದಿಸಿದರೆ ಎರಡೂ ಒಂದನ್ನೊಂದು ನುಂಗಿ ಮೌನವುಂಟಾಗುತ್ತದೆಂಬುದು ನಿಜ. ಸದ್ದಡಗಿಸುವ ಹೆಡ್‌ಫೋನುಗಳು ಕೆಲಸಮಾಡುವುದು ಇದೇ ತತ್ತ್ವದಿಂದ. ಈ ತತ್ತ್ವವನ್ನೇ ನೆಚ್ಚಿ ಯೂರೋಪಿನಲ್ಲಿ ಯಾರೋ, ಮೂರು ಯೂರೋಗಿಂತ ತುಸು ಕಡಿಮೆ ಬೆಲೆಗೆ, ವುವುಜೆಲಾದ ಪ್ರತಿಶಬ್ದವೆಂದು 45 ನಿಮಿಷದ ಧ್ವನಿಮುದ್ರಣವನ್ನು ಮಾರತೊಡಗಿದರು. ಅದನ್ನು ಟಿವಿಯ ಪಕ್ಕದಲ್ಲಿ ನುಡಿಸಿದರೆ ಸಾಕು, ಕೋಣೆಯಲ್ಲಿ ಶಾಂತಿ. ಆದರೆ ಆ ಸ್ವರದ ಒಂದು ಅಲೆಯ ಉದ್ದ ಸುಮಾರು ಒಂದೂವರೆ ಮೀಟರು; ಸೋಫಾದ ಈ ತುದಿಯಲ್ಲಿ ಮೌನವುಂಟಾದರೂ ಆ ತುದಿಯಲ್ಲಿ ಕೊಂಬು ಇಮ್ಮಡಿಯಾದೀತು; ಅದೂ ಎರಡು ಅಲೆಗಳು ಕ್ಷಣಾರ್ಧವೂ ಹಿಂದುಮುಂದಾಗದೆ ಜೋಡಿಯಾದರೆ ಮಾತ್ರ, ಹೇಗೆಂದರೆ ಹಾಗೆ ಊದುವ ಜನಸ್ತೋಮಕ್ಕೆ ಮೊದಲೇ ಮುದ್ರಿಸಿಟ್ಟ ಸದ್ದು ಜೋಡಿಯಾಗುವುದು ಎಲ್ಲಿಂದ ಬಂತು? ಭೌತಶಾಸ್ತ್ರ ಬಲ್ಲವರು ನಕ್ಕರು. ಸದ್ದಿನಿಂದ ಬೇಸತ್ತವನು ಹಣಕೊಟ್ಟು ಇನ್ನಷ್ಟು ಸದ್ದನ್ನು ಮನೆಗೆ ತಂದುಕೊಳ್ಳುವಂತೆ ಮಾಡಿದ ಆ ವರ್ತಕನ ಪ್ರತಿಭೆಗೆ ನಾನು ನಮಸ್ಕರಿಸುತ್ತೇನೆ. ಹೆಚ್ಚುವರಿ ಸಮಯಕ್ಕೆ ಪ್ರತ್ಯೇಕ ಏರ್ಪಾಡನ್ನು ಆತನು ಮಾಡದಿದ್ದುದೊಂದೇ ಕೊರತೆ.

ಇನ್ನು ಊದುವವನ ಪರವಾಗಿ ಒಂದು ಮಾತು. ಸದ್ದನ್ನು ಮರೆಮಾಡುವುದಕ್ಕಾಗಿಯೇ ಸದ್ದುಮಾಡುವ ವಿದ್ಯೆಯನ್ನು ನಾವೂ ಬಲ್ಲೆವು. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಯಾರ ಸೀನೂ, ಯಾರ ಬಾಯಿಂದ ಜಾರಿದ ಅಶುಭನುಡಿಯೂ ವಧೂವರರ ಕಿವಿಗೆ ಬೀಳಬಾರದೆಂದು ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗಿದೊಡನೆ ಓಲಗದವರು ಕೆನ್ನೆಯುಬ್ಬಿಸುವುದಿಲ್ಲವೆ? ವುವುಜೆಲಾದವರದು ತೊಂಬತ್ತು ನಿಮಿಷದ ಗಟ್ಟಿಮೇಳ. ಆತಿಥೇಯ ತಂಡವು, ಕೊನೆಯ ಆಟದಲ್ಲಿ ಫ್ರಾನ್ಸನ್ನು ಸೋಲಿಸಿಯೂ, ಮೊದಲ ಸುತ್ತಿನಲ್ಲೇ ಹೊರಬಿದ್ದಿತು; ವಿಶ್ವಕಪ್ಪಿನ ಆತಿಥೇಯರಿಗೆ ಹಾಗಾದದ್ದು ಅದೇ ಮೊದಲು. ಆ ಅಪಶಕುನವೂ ಊದುವವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಸ್ಪೇನಿನ ಇನಿಯೆಸ್ತಾ ಅಂತಿಮ ಪಂದ್ಯದ 116ನೆಯ ನಿಮಿಷದಲ್ಲಿ ಡಚ್ಚರ ಮೇಲೆ ಗೋಲು ಹೊಡೆಯುವವರೆಗೂ, ತಮಗೆ ಸಂಬಂಧವೇ ಇಲ್ಲದ ಉಭಯ ಪಕ್ಷಗಳಿಗೂ ಅವರು ಸಮಾನವಾಗಿ ಊದಿದರು. ಸ್ವಪಕ್ಷ ಸೋತಮೇಲೂ ಇಷ್ಟು ನಿಷ್ಕಾಮವಾಗಿ ದುಡಿಯುವ ಅಭಿಮಾನಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಕಿವಿಯ ವೈದ್ಯರ ಮಾತನ್ನು ಅಲ್ಲಗಳೆಯುವಂತಿಲ್ಲ. 85 ಡೆಸಿಬಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆಗಳವರೆಗೆ ಸಹಿಸಬಹುದೆಂದೂ, ಅಲ್ಲಿಂದ ಮೇಲೆ ಪ್ರತಿ ಮೂರು ಡೆಸಿಬಲ್ಲಿಗೆ ಆ ಅವಧಿ ಅರ್ಧವಾಗುತ್ತ ಹೋಗಿ ನೂರಕ್ಕೆ ಏರಿದಾಗ ಕೇವಲ ಹದಿನೈದು ನಿಮಿಷವಾಗುತ್ತದೆಂದೂ ಒಂದು ಲೆಕ್ಕವಿದೆ. ದಕ್ಷಿಣ ಆಫ್ರಿಕದ ಶ್ರವಣತಜ್ಞರು ವಿಶ್ವಕಪ್ಪಿಗೆ ಮುಂಚೆಯೇ ಪ್ರೇಕ್ಷಕರ ಮೇಲೆ ಮಾಪಕಗಳನ್ನಿಟ್ಟು ನೋಡಿದಾಗ, ಆಟದುದ್ದಕ್ಕೂ ಸರಾಸರಿಯೇ ನೂರನ್ನು ದಾಟಿತ್ತು. ಕಿವಿಗೆ ತುರುಕುವ ಬೆಣೆಗಳು ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ಖರ್ಚಾದವು. ತಯಾರಕರು ಊದುವ ತುದಿಯನ್ನು ಮಾರ್ಪಡಿಸಿ 20 ಡೆಸಿಬಲ್ ಕಡಿಮೆ ಸದ್ದಿನ ವುವುಜೆಲಾವನ್ನು ಸಿದ್ಧಪಡಿಸಿರುವುದಾಗಿ ಪ್ರಕಟಿಸಿದರು. ಸದುದ್ದೇಶವೇನೋ ಸರಿ. ಆದರೆ ಅಂಗಡಿಯಲ್ಲಿ ಎರಡು ಕೊಂಬುಗಳನ್ನು ಮುಂದಿಟ್ಟು, ‘ಇದು ಜೋರು, ಇದು ಮೆಲ್ಲಗೆ’ ಎಂದಾಗ ಎರಡನೆಯದನ್ನು ಆರಿಸಿಕೊಳ್ಳುವ ಮಹಾನುಭಾವನು ಮೊದಲಿಗೆ ಕೊಂಬಿನಂಗಡಿಗೇ ಬರತಕ್ಕವನಲ್ಲ.

ಸೋಸುವುದೂ ತಗ್ಗಿಸುವುದೂ ಆಗದೆಂದ ಮೇಲೆ ಉಳಿದದ್ದು ಬಹಿಷ್ಕಾರ. ವಿಂಬಲ್ಡನ್ನಿನವರು ಅದೇ ಬೇಸಗೆಯಲ್ಲಿ ಬಾಗಿಲು ಮುಚ್ಚಿದರು. ಸೆಪ್ಟೆಂಬರಿನಲ್ಲಿ ಯೂರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ತನ್ನ ಪಂದ್ಯಗಳಿಂದ ಅದನ್ನು ಹೊರಗಿಟ್ಟಿತು. 2014ರ ವಿಶ್ವಕಪ್ಪಿಗಾಗಿ ಬ್ರೆಜಿಲ್ಲಿನವರು ಕಾಶಿರೋಲಾ ಎಂಬ ಮೃದುನಾದದ ಗಿಲಕಿಯೊಂದನ್ನು ಸಂಗೀತಗಾರರಿಂದಲೇ ರಚಿಸಿ ತಂದರು. ಸಾಲ್ವಡೋರ್ ನಗರದಲ್ಲಿ ನಡೆದ ಪಂದ್ಯವೊಂದರಲ್ಲಿ ಜನ ಅದನ್ನು ಅಲ್ಲಾಡಿಸುವ ಬದಲು ಬಯಲಿಗೆ ಬೀಸಿ ಎಸೆದದ್ದರಿಂದ ಅದಕ್ಕೂ ಪ್ರವೇಶ ತಪ್ಪಿತು.

ಅಂತೂ ಕೇಳುವವರ ಪಕ್ಷ ಗೆದ್ದಿತೆನ್ನುವಷ್ಟರಲ್ಲಿ 2020 ಬಂದಿತು. ಸೋಂಕಿನ ಭಯದಿಂದ ಕ್ರೀಡಾಂಗಣಗಳು ಬರಿದಾಗಿ, ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ ಆಟವನ್ನು ನಿಶ್ಶಬ್ದದಲ್ಲಿ ಆಡಬೇಕಾದಾಗ, ಅದೇ ಪ್ರಸಾರದವರು ಮುದ್ರಿತ ಜನಘೋಷವನ್ನು ಹೊರಗಿನಿಂದ ತಂದು ಚಿತ್ರಕ್ಕೆ ಅಂಟಿಸತೊಡಗಿದರು. ಆ ವರ್ಷ ಅರಬ್ ಎಮಿರೇಟ್ಸಿನಲ್ಲಿ ನಡೆದ ನಮ್ಮ ಐಪಿಎಲ್ಲಿಗೂ ಅದೇ ಉಪಚಾರವಾಯಿತು. ಗುಂಡಿಗಳ ಫಲಕವೊಂದರ ಮುಂದೆ ಕುಳಿತ ಒಬ್ಬ ವ್ಯಕ್ತಿ, ಚೆಂಡನ್ನೇ ನೋಡುತ್ತ, ಹರ್ಷಕ್ಕೊಂದು, ಹತಾಶೆಗೊಂದು, ರೋಷಕ್ಕೊಂದು ಗುಂಡಿಯನ್ನೊತ್ತಿ, ಸಾವಿರಾರು ಮಂದಿಯ ಭಾವಾವೇಗವನ್ನು ತನ್ನ ಒಂದು ಬೆರಳಿನಿಂದ ನಿರ್ವಹಿಸುವನೆಂದು ಅಣ್ಣನ ಮಗ ವಿವರಿಸಿದನು. ಮಾವನವರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಬಾರಿಸಿದ ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಗಿ, ಆಟಗಾರನು ತಲೆಯ ಮೇಲೆ ಕೈಹೊತ್ತು, ಎದುರಾಳಿಯ ಗೋಲಿಯು ಚೆಂಡನ್ನು ಎತ್ತಿ ತಂದು ಇಟ್ಟ ಮೇಲೆ ಆ ‘ಅಯ್ಯೋ’ ಎಂಬ ಜನಘೋಷ ಕೇಳಿಬಂತು. “ಆ ಗುಂಡಿಯ ಮುಂದೆ ಯಾರಾದರೂ ಮೃದಂಗದವರನ್ನು ಕೂರಿಸಬೇಕಾಗಿತ್ತು ಕಣಯ್ಯಾ,” ಎಂದರು ಅವರು, “ಈತ ಪ್ರತಿ ಸಲವೂ ಒಂದಕ್ಷರ ತಡವಾಗಿ ಬೀಳುತ್ತಾನೆ.”